ಹೆಣ್ಣೋ ಗಂಡೋ: ಹೊಣೆ ಯಾರದು?



ಈ ವಾರ ಬಿತ್ತನೆಯ ಮಾತಿಲ್ಲ, ಗೊಬ್ಬರದ ಮಾತೂ ಇಲ್ಲ. ನಿಮ್ಮ ಕೊಟ್ಟಿಗೆಯಿಂದ ಆರಂಭಿಸಿ ನಿಮ್ಮ ಪಡಸಾಲೆಯವರೆಗೆ ಒಂದು ಮಾತು ಆಡುವುದಿದೆ. ವಾಚನಾಲಯದಲ್ಲಿ ಒಬ್ಬರು ಗಟ್ಟಿಯಾಗಿ ಓದಿ ನಾಲ್ವರು ಕೇಳುವ ರೂಢಿ ನಮ್ಮ ಊರುಗಳಲ್ಲಿದೆ. ಓದುವವರು ಸಂಕೋಚಪಟ್ಟು ನಡುವೆ ನಿಲ್ಲಿಸಬಾರದೆಂದು ಮೊದಲೇ ಕೇಳಿಕೊಳ್ಳುತ್ತೇನೆ. ಕುರಿ ಸಾಕಿದವರಿಗೆ, ಆಕಳು ಕಟ್ಟಿದವರಿಗೆ ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಕಳೆದ ವರ್ಷ ಬೇಸಿಗೆಯಲ್ಲಿ ಇರಕಲ್ಲಗಡ ಹೋಬಳಿಯ ಒಂದು ಹಳ್ಳಿಗೆ ಸಜ್ಜೆಯ ಬೀಜೋಪಚಾರ ತೋರಿಸಲು ಹೋಗಿದ್ದೆ. ಕೆಲಸ ಮುಗಿದು ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಾಗ ಐವತ್ತು ದಾಟಿದ ರೈತರೊಬ್ಬರು ಹತ್ತಿರ ಬಂದು ಕುಳಿತರು.

“ಸಾಹೇಬ್ರ, ಆಕಳಿಗೆ ಬರೇ ಹೆಣ್ಣುಗರಾನ ಹುಟ್ಟೋ ಇಂಜೆಕ್ಷನ್ ಬಂದೈತಂತಲ್ರಿ, ಖರೇ ಏನ್ರಿ?”

ಖರೆ ಎಂದೆ. ನಾನು ಪಶುವೈದ್ಯನಲ್ಲ, ಕೃಷಿ ಪದವೀಧರ. ಆದರೂ ತಿಳಿದಷ್ಟು ಹೇಳಿದೆ. ಅದು ಇಂಜೆಕ್ಷನ್ ಅಲ್ಲ. ಕೃತಕ ಗರ್ಭಧಾರಣೆಗೆ ಬಳಸುವ ವೀರ್ಯನಳಿಕೆಯೇ. ಹೋರಿಯ ವೀರ್ಯದಲ್ಲಿ ಎರಡು ಬಗೆಯ ವೀರ್ಯಾಣುಗಳು ಹೆಚ್ಚುಕಡಿಮೆ ಸಮನಾಗಿ ಇರುತ್ತವೆ. ಒಂದು ಬಗೆಯದು ಆಕಳ ಅಂಡಾಣುವನ್ನು ಸೇರಿದರೆ ಹೆಣ್ಣುಗರು, ಇನ್ನೊಂದು ಬಗೆಯದು ಸೇರಿದರೆ ಹೋರಿಗರು. ಹೆಣ್ಣುಗರುವಿನ ಬಗೆಯನ್ನೇ ಯಂತ್ರದಿಂದ ಬೇರ್ಪಡಿಸಿ ನಳಿಕೆಗೆ ತುಂಬುತ್ತಾರೆ. ಗಬ್ಬ ನಿಂತರೆ ನೂರಕ್ಕೆ ಸುಮಾರು ತೊಂಬತ್ತು ಹೆಣ್ಣುಗರುಗಳೇ ಹುಟ್ಟುತ್ತವೆ ಎಂದು ವಿವರಿಸಿದೆ. ಅವರು ತಲೆದೂಗಿದರು. “ಅಂದ್ರ ಎಲ್ಲಾ ಆ ಹೋರಿ ಬೀಜದಾಗ ಇರತೈತಿ. ನಮ್ಮ ಆಕಳದ್ದೇನಿಲ್ಲ” ಎಂದರು. ನಾನು ಅರ್ಧ ಗಂಟೆ ಹೇಳಿದ್ದನ್ನು ಅವರು ಒಂದೇ ಉಸಿರಿಗೆ ಹೇಳಿಬಿಟ್ಟರು. ಇಂಥ ರೈತರಿದ್ದರೆ ವಿಸ್ತರಣಾ ಕೆಲಸಕ್ಕೆ ಬೇರೇನು ಬೇಕು ಎಂದು ಸಂತೋಷವಾಯಿತು.

ಎರಡನೆಯ ಕಪ್ಪು ಚಹಾ ಬಂದಿತು. ಮನೆಯ ಕಡೆ ಎಲ್ಲ ಸೌಖ್ಯವೇ ಎಂದು ವಿಚಾರಿಸಿದೆ. ಅವರ ಮುಖ ಇಳಿಯಿತು. “ಏನ್ ಸೌಖ್ಯರೀ. ಸೊಸಿ ಮೂರನೇದೂ ಹೆಣ್ಣ ಹಡದಾಳ. ಆಕಿ ಹೊಟ್ಟ್ಯಾಗ ಗಂಡು ಇಲ್ಲ. ಬಾಣಂತನಕ್ಕ ತವರಿಗೆ ಹೋಗ್ಯಾಳ, ಅಲ್ಲೇ ಇರವಲ್ಲಳು ಅಂತ ಬಿಟ್ಟೀವಿ. ಮಗನಿಗೆ ಇನ್ನೊಂದು ನೋಡಾಕ ಹತ್ತೀವಿ.”

ಕಾಲು ಗಂಟೆಯ ಹಿಂದೆ ಆಕಳಿನ ಬಗ್ಗೆ ಅಷ್ಟು ನ್ಯಾಯವಾಗಿ ಮಾತನಾಡಿದ ಬಾಯಿಯೇ ಇದು.

ಅವರನ್ನು ದೂರಿ ನಾನು ದೊಡ್ಡವನಾಗಲಾರೆ. ರಾಯಚೂರು ಕೃಷಿ ಕಾಲೇಜಿನಲ್ಲಿ ತಳಿಶಾಸ್ತ್ರ ಓದಿ, ಪರೀಕ್ಷೆಯಲ್ಲಿ ಲಿಂಗನಿರ್ಣಯದ ಚಿತ್ರ ಬರೆದು ಅಂಕ ಪಡೆದವನು ನಾನು. ಅದೇ ವರ್ಷ ರಜೆಗೆ ಊರಿಗೆ ಬಂದಾಗ ನಮ್ಮ ಅಕ್ಕ ನಾಲ್ಕನೆಯ ಹೆಣ್ಣುಮಗುವಿನೊಂದಿಗೆ ತವರಿನಲ್ಲಿದ್ದಳು. ಗಂಡನ ಮನೆಯವರು ಬಂದು ಪಡಸಾಲೆಯಲ್ಲಿ ಕುಳಿತು ಆಡಬಾರದ ಮಾತು ಆಡಿದರು. ನಮ್ಮ ಅವ್ವನೇ ಅವರೆದುರು ತಪ್ಪು ನಮ್ಮ ಮಗಳದ್ದೇ ಎಂಬಂತೆ ತಲೆ ತಗ್ಗಿಸಿ ನಿಂತಳು. ಚಿತ್ರ ಬರೆದು ಅಂಕ ಪಡೆದ ನಾನು ಒಳಗಿನ ಕೋಣೆಯಲ್ಲಿ ಕುಳಿತಿದ್ದೆ. ಹೊರಗೆ ಬಂದು ಒಂದು ಮಾತು ಹೇಳಲಿಲ್ಲ. ಹಿರಿಯರ ನಡುವೆ ಬಾಯಿ ಹಾಕಬಾರದೆಂದು ಆಗ ಸಮಾಧಾನ ಹೇಳಿಕೊಂಡೆ. ಅಂದು ಹೇಳದೆ ಉಳಿದ ಮಾತನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ ಎಂದುಕೊಳ್ಳಿ.

ಜೀವಿಯ ದೇಹದ ಪ್ರತಿಯೊಂದು ಕಣದಲ್ಲಿ ವರ್ಣತಂತುಗಳೆಂಬ ಎಳೆಗಳಿರುತ್ತವೆ. ತಂದೆ ತಾಯಿಗಳ ಗುಣಗಳು ಮಕ್ಕಳಿಗೆ ಬರುವುದು ಇವುಗಳ ಮೂಲಕ. ಆಕಳಲ್ಲಿ 60, ಕುರಿಯಲ್ಲಿ 54, ಆಡಿನಲ್ಲಿ 60, ನಮ್ಮ ಎಮ್ಮೆಗಳಲ್ಲಿ 50, ಮನುಷ್ಯನಲ್ಲಿ 46. ಲೆಕ್ಕ ಬೇರೆಯಾದರೂ ಪದ್ಧತಿ ಒಂದೇ. ಇವು ಜೋಡಿಜೋಡಿಯಾಗಿರುತ್ತವೆ, ಒಂದು ಜೋಡಿಯಲ್ಲಿ ಮಾತ್ರ ಹೆಣ್ಣಿಗೂ ಗಂಡಿಗೂ ಭೇದವುಂಟು. ಹೆಣ್ಣಿನಲ್ಲಿ ಆ ಜೋಡಿಯ ಎರಡೂ ಎಳೆಗಳು ಒಂದೇ ಬಗೆಯವು. ಅದಕ್ಕೆ ‘ಎಕ್ಸ್’ ಎಂದು ಹೆಸರು. ಗಂಡಿನಲ್ಲಿ ಒಂದು ‘ಎಕ್ಸ್’, ಇನ್ನೊಂದು ಗಿಡ್ಡನೆಯದು, ‘ವೈ’. ಮಗುವಿಗೆ ತಾಯಿಯಿಂದ ಒಂದು, ತಂದೆಯಿಂದ ಒಂದು ಬರಬೇಕು. ತಾಯಿಯ ಬಳಿ ಇರುವುದೆಲ್ಲ ಎಕ್ಸ್, ಆದ್ದರಿಂದ ಆಕೆ ಎಕ್ಸನ್ನೇ ಕೊಡುತ್ತಾಳೆ. ಬೇರೆ ಕೊಡಬೇಕೆಂದರೂ ಆಕೆಯಲ್ಲಿಲ್ಲ. ತಂದೆಯ ವೀರ್ಯಾಣು ಎಕ್ಸ್ ಹೊತ್ತು ಬಂದರೆ ಹೆಣ್ಣು, ವೈ ಹೊತ್ತು ಬಂದರೆ ಗಂಡು. ಟಗರಿಗೂ, ಹೋತಕ್ಕೂ, ಕೋಣಕ್ಕೂ, ನನಗೂ, ನಿಮಗೂ ಇದೇ ನಿಯಮ. ಕೋಳಿಯಲ್ಲಿ ಮಾತ್ರ ಇದು ತಿರುಗುಮುರುಗು. ಅಲ್ಲಿ ಮರಿ ಹೇಂಟೆಯೋ ಹುಂಜವೋ ಎಂಬುದು ಹೇಂಟೆಯ ಕಡೆಯಿಂದ ತೀರ್ಮಾನವಾಗುತ್ತದೆ. ಆದರೆ ಹಾಲೂಡಿಸುವ ಪ್ರಾಣಿಗಳ ಜಾತಿಗೆ ಸೇರಿದವರು ನಾವು, ಕೋಳಿಯ ಜಾತಿಗಲ್ಲ.

ಇದು ನಿನ್ನೆ ಮೊನ್ನೆ ತಿಳಿದದ್ದೂ ಅಲ್ಲ. 1905ರಲ್ಲಿ ಅಮೆರಿಕದ ನೆಟ್ಟೀ ಸ್ಟೀವನ್ಸ್ ಎಂಬ ವಿಜ್ಞಾನಿ ಹಿಟ್ಟಿನ ಹುಳುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಹೆಣ್ಣು ಹುಳುವಿನ ಕಣದಲ್ಲಿ ಇಪ್ಪತ್ತು ದೊಡ್ಡ ಎಳೆಗಳು; ಗಂಡಿನದರಲ್ಲಿ ಹತ್ತೊಂಬತ್ತು ದೊಡ್ಡವು, ಒಂದು ಚಿಕ್ಕದು. ವೀರ್ಯಾಣುಗಳಲ್ಲಿ ಅರ್ಧಕ್ಕೆ ಆ ಚಿಕ್ಕದಿತ್ತು, ಅರ್ಧಕ್ಕೆ ಇರಲಿಲ್ಲ. ಗಂಡು ಹೆಣ್ಣಿನ ಗುಟ್ಟು ಇದೇ ಎಂದು ಅವರು ಬರೆದರು. ಅದೇ ವರ್ಷ ಎಡ್ಮಂಡ್ ವಿಲ್ಸನ್ ಎಂಬವರೂ ಬೇರೆ ಕೀಟಗಳನ್ನು ನೋಡಿ ಅದೇ ನಿರ್ಣಯಕ್ಕೆ ಬಂದರು. ಹೆಣ್ಣು ಹಡೆದವಳ ಮೇಲಿನ ಅಪವಾದವನ್ನು ತೊಳೆದವರಲ್ಲಿ ಮೊದಲಿಗರು ಒಬ್ಬ ಹೆಣ್ಣುಮಗಳು, ಅದೂ ನಮ್ಮ ಹಿಟ್ಟಿನ ಡಬ್ಬಿಗೆ ಬೀಳುವಂಥ ಹುಳುವಿನಿಂದ! ಇದಾಗಿ ನೂರಾ ಇಪ್ಪತ್ತು ವರ್ಷಗಳು ಕಳೆದಿವೆ. ನಮ್ಮ ಪಡಸಾಲೆಗೆ ಸುದ್ದಿ ಇನ್ನೂ ತಲುಪಿಲ್ಲ.

ನೀವು ಕೇಳಬಹುದು: ಹಾಗಾದರೆ ತಪ್ಪು ನಮ್ಮ ಮಗನದೇ? ಅಲ್ಲ. ಯಾವ ವೀರ್ಯಾಣು ಮೊದಲು ಮುಟ್ಟಬೇಕೆಂದು ಅವನೂ ಹೇಳಿ ಕಳಿಸಲಾರ. ಕೋಟಿಗಟ್ಟಲೆ ವೀರ್ಯಾಣುಗಳಲ್ಲಿ ಒಂದು ಮುಟ್ಟುತ್ತದೆ, ಅದು ಎಕ್ಸ್ ಆಗಿರುವ ಸಂಭವ ಹೆಚ್ಚುಕಡಿಮೆ ಅರ್ಧ, ವೈ ಆಗಿರುವ ಸಂಭವ ಅರ್ಧ. ನಾಣ್ಯ ಚಿಮ್ಮಿದ ಹಾಗೆ. ಮೂರು ಮಕ್ಕಳಿರುವ ನೂರು ಮನೆಗಳನ್ನು ಎಣಿಸಿದರೆ ಹನ್ನೆರಡರಷ್ಟು ಮನೆಗಳಲ್ಲಿ ಮೂರೂ ಹೆಣ್ಣಾಗಿರುತ್ತವೆ, ಹೆಚ್ಚುಕಡಿಮೆ ಅಷ್ಟೇ ಮನೆಗಳಲ್ಲಿ ಮೂರೂ ಗಂಡಾಗಿರುತ್ತವೆ. ಯಾರ ಪಾಪವೂ ಅಲ್ಲ, ಪುಣ್ಯವೂ ಅಲ್ಲ. ಮೂರು ಹೆಣ್ಣಾದ ಮೇಲೆ ನಾಲ್ಕನೆಯದು ಗಂಡೇ ಆದೀತೆಂಬ ಲೆಕ್ಕವೂ ತಪ್ಪು. ನಾಣ್ಯಕ್ಕೆ ಹಿಂದಿನ ಚಿಮ್ಮು ನೆನಪಿರುವುದಿಲ್ಲ. ನಲವತ್ತು ಕುರಿ ಈಯುವ ಹಿಂಡಿನಲ್ಲಿ ಇಪ್ಪತ್ತರ ಹತ್ತಿರ ಟಗರು ಮರಿ, ಇಪ್ಪತ್ತರ ಹತ್ತಿರ ಹೆಣ್ಣು ಮರಿ ಬರುವುದನ್ನು ಕುರಿಗಾರರು ಪ್ರತಿವರ್ಷ ನೋಡುತ್ತಾರೆ. ಅದೇ ಹಿಂಡಿನಲ್ಲಿ ಒಂದು ಕುರಿ ಮೂರು ಸಲವೂ ಹೆಣ್ಣು ಮರಿಯನ್ನೇ ಹಾಕಿದರೆ ಅದನ್ನು ಹಿಂಡಿನಿಂದ ಹೊರಗೆ ಹಾಕಿದ ಕುರಿಗಾರನನ್ನು ನಾನಂತೂ ಕಂಡಿಲ್ಲ. ಹಿಂಡು ಬೆಳೆಯಿತೆಂದು ಸಂತೋಷಪಡುತ್ತಾನೆ.

‘ಬೀಜ ಗಂಡಸಿನದು, ಹೊಲ ಹೆಂಗಸಿನದು’ ಎಂಬ ಮಾತು ನಮ್ಮಲ್ಲಿ ಹಳೆಯದು. ಇದನ್ನು ನಂಬುವವರಿಗೆ ನನ್ನದೊಂದು ಸರಳ ಪ್ರಶ್ನೆ. ಸಜ್ಜೆ ಬಿತ್ತಿ ಸಜ್ಜೆ ಬಂದರೆ, ಹೆಸರು ಯಾಕೆ ಬರಲಿಲ್ಲವೆಂದು ಹೊಲವನ್ನು ಬೈಯುವ ಒಕ್ಕಲಿಗ ಎಲ್ಲಿದ್ದಾನೆ? ಮಾತಿನ ಪ್ರಕಾರವೇ ನಡೆದರೂ ಹೊಲದ ಮೇಲೆ ದೂರು ನಿಲ್ಲುವುದಿಲ್ಲ. ನಿಜ ಹೇಳಬೇಕೆಂದರೆ ಆ ಮಾತೇ ಅರ್ಧ ಸುಳ್ಳು. ಸಂಕರಣ ಬೀಜೋತ್ಪಾದನೆ ಮಾಡಿದ ರೈತರಿಗೆ ಗಂಡು ಸಾಲು, ಹೆಣ್ಣು ಸಾಲು ಗೊತ್ತು. ಗಂಡು ಸಾಲಿನಿಂದ ಬರುವುದು ಪರಾಗ ಮಾತ್ರ. ಬೀಜವಾಗುವುದು ಎರಡೂ ಕೂಡಿದ ಮೇಲೆ. ಮನುಷ್ಯರಲ್ಲಿಯೂ ಅಷ್ಟೇ. 46 ಎಳೆಗಳಲ್ಲಿ 23 ತಾಯಿಯವು. ಆಕೆ ಬರಿಯ ಹೊಲವಲ್ಲ, ಅರ್ಧ ಬೀಜವೂ ಅವಳದೇ. ಅದರ ಮೇಲೆ ಒಂಬತ್ತು ತಿಂಗಳ ಹೊಲವೂ ಅವಳೇ. ಹೋರಿಯನ್ನು ಆರಿಸುವಾಗ ಅದರ ತಾಯಿ ಎಷ್ಟು ಹಾಲು ಕೊಡುತ್ತಿತ್ತೆಂದು ಕೇಳುತ್ತೀರಲ್ಲ, ಅದರ ಅರ್ಥವೂ ಇದೇ.

ಇನ್ನು ವೀರ್ಯ ಬೇರ್ಪಡಿಸುವ ಯಂತ್ರದ ಮಾತು. ಹೋರಿಯಲ್ಲಿ ಎಕ್ಸ್ ಹೊತ್ತ ವೀರ್ಯಾಣುವಿನಲ್ಲಿ ವಂಶದ್ರವ್ಯ, ಅಂದರೆ ಡಿಎನ್‌ಎ, ವೈ ಹೊತ್ತದ್ದಕ್ಕಿಂತ ನೂರಕ್ಕೆ ನಾಲ್ಕರಷ್ಟು ಹೆಚ್ಚು. ಬಣ್ಣ ಹಚ್ಚಿ ಬೆಳಕಿನ ಕಿರಣದ ಮುಂದೆ ಒಂದೊಂದಾಗಿ ಹಾಯಿಸಿದರೆ ಹೆಚ್ಚಿರುವುದು ಹೆಚ್ಚು ಹೊಳೆಯುತ್ತದೆ. ಆ ಹೊಳಪಿನ ಮೇಲೆ ಯಂತ್ರ ಅತ್ತ ಇತ್ತ ಬೇರ್ಪಡಿಸುತ್ತದೆ. 1989ರಲ್ಲಿ ಅಮೆರಿಕದ ಲಾರೆನ್ಸ್ ಜಾನ್ಸನ್ ಮತ್ತು ಸಂಗಡಿಗರು ಮೊಲಗಳಲ್ಲಿ ಇದನ್ನು ಮಾಡಿ ತೋರಿಸಿದರು. ಈಗ ನಮ್ಮ ದೇಶದಲ್ಲಿಯೂ ರಾಷ್ಟ್ರೀಯ ಗೋಕುಲ ಮಿಷನ್ ಅಡಿಯಲ್ಲಿ ಇಂಥ ನಳಿಕೆಗಳು ಸಿಗುತ್ತವೆ. ಸಾಮಾನ್ಯ ನಳಿಕೆಗಿಂತ ಇದರಲ್ಲಿ ಗಬ್ಬ ನಿಲ್ಲುವ ಪ್ರಮಾಣ ಸ್ವಲ್ಪ ಕಡಿಮೆ. ಆದ್ದರಿಂದ ಆರೋಗ್ಯವಾಗಿರುವ, ಬೆದೆ ಸರಿಯಾಗಿ ತೋರುವ ಮಣಕ ಅಥವಾ ಆಕಳಿಗೇ ಕೊಡಿಸಬೇಕು. ನಿಮ್ಮ ಪಶುವೈದ್ಯರನ್ನು ಕೇಳಿರಿ.

‘ಹಾಗಾದರೆ ಮನುಷ್ಯರಿಗೂ ಮಾಡಬಹುದಲ್ಲ’ ಎಂದು ಕಟ್ಟೆಯ ಮೇಲೆ ಒಬ್ಬ ಯುವಕ ನಗುತ್ತ ಕೇಳಿದ. ಮಾಡಬಾರದು. ಗರ್ಭದಲ್ಲಿರುವ ಮಗು ಯಾವುದೆಂದು ತಿಳಿಸುವುದನ್ನು ನಿಷೇಧಿಸಿ 1994ರಲ್ಲಿ ಆದ ಕಾಯ್ದೆಗೆ 2003ರಲ್ಲಿ ತಿದ್ದುಪಡಿಯಾಗಿ, ಗರ್ಭ ನಿಲ್ಲುವ ಮೊದಲು ಆರಿಸುವುದೂ ಅಪರಾಧವಾಗಿದೆ. ಆಕಳ ಸಂತೆಯಲ್ಲಿ ಹೋರಿಗರು ಕಡಿಮೆಯಾದರೆ ದೊಡ್ಡ ಅನಾಹುತವಿಲ್ಲ. ಆದರೆ ಹೆಣ್ಣುಮಕ್ಕಳು ಕಡಿಮೆಯಾದ ಹರಿಯಾಣದ ಗತಿ ನೋಡಿರಿ. 2011ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಅಲ್ಲಿ ಹೆಣ್ಣುಮಕ್ಕಳು 834 ಮಾತ್ರ. ನಮ್ಮ ಕರ್ನಾಟಕದಲ್ಲಿ 948. ಆರಿಸದೆ ಬಿಟ್ಟರೆ ನಿಸರ್ಗದಲ್ಲಿ ನೂರು ಹೆಣ್ಣಿಗೆ 105ರಷ್ಟು ಗಂಡು ಹುಟ್ಟುತ್ತವೆ. ಗಂಡು ಶಿಶುಗಳು ಎಳವೆಯಲ್ಲಿ ಹೆಣ್ಣು ಶಿಶುಗಳಿಗಿಂತ ಹೆಚ್ಚು ಸಾಯುವುದರಿಂದ ಬೆಳೆಯುತ್ತ ಬೆಳೆಯುತ್ತ ಲೆಕ್ಕ ಸರಿಹೋಗುತ್ತದೆ. ಗಂಡೇ ಗಟ್ಟಿ ಎನ್ನುವವರು ಇದನ್ನೂ ನೆನಪಿಡಬೇಕು.

ಕೊಟ್ಟಿಗೆಯಲ್ಲಿ ಹೆಣ್ಣು ಬೇಕು, ಪಡಸಾಲೆಯಲ್ಲಿ ಗಂಡು ಬೇಕು! ಇದು ಬಂದದ್ದು ಹೇಗೆಂದು ಯೋಚಿಸಿದ್ದೀರಾ? ನಮ್ಮ ಅಜ್ಜಂದಿರ ಕಾಲದಲ್ಲಿ ಕೊಟ್ಟಿಗೆಯಲ್ಲಿಯೂ ಗಂಡೇ ಬೇಕಿತ್ತು. ಕಿಲಾರಿ ಆಕಳು ಹೋರಿಗರು ಹಾಕಿದರೆ ಓಣಿಗೆಲ್ಲ ಗಿಣ್ಣದ ಸಂಭ್ರಮ. ಎತ್ತಿಲ್ಲದೆ ಬೇಸಾಯವಿರಲಿಲ್ಲ. ಟ್ರ್ಯಾಕ್ಟರ್ ಬಂತು, ಹಾಲಿನ ಡೇರಿ ಬಂತು. ಅದೇ ಹೋರಿಗರು ಇಂದು ಹೊರೆಯಾಗಿದೆ. ಎಕ್ಸ್ ವೈ ಏನೂ ಬದಲಾಗಲಿಲ್ಲ, ನಮ್ಮ ಲೆಕ್ಕ ಬದಲಾಯಿತು. ಮನೆಯಲ್ಲಿ ಗಂಡು ಬೇಕೆನ್ನುವುದೂ ಇಂಥದೇ ಲೆಕ್ಕ. ಆಸ್ತಿ, ವರದಕ್ಷಿಣೆ, ಮುಪ್ಪಿನ ಆಸರೆ, ಬಾಯಿಗೆ ನೀರು ಬಿಡುವವರು. ಕೊಟ್ಟಿಗೆಯ ಲೆಕ್ಕವನ್ನು ಮೂವತ್ತು ವರ್ಷದಲ್ಲಿ ತಿರುಗಿಸಿ ಬರೆದ ನಾವು ಮನೆಯ ಲೆಕ್ಕದ ಪುಸ್ತಕವನ್ನು ಮಾತ್ರ ತೆಗೆದೂ ನೋಡುವುದಿಲ್ಲ.

ಈಗ ಒಂದು ಅಪಾಯದ ವಿಷಯ. ಗರ್ಭ ನಿಂತು ಒಂದೂವರೆ ಎರಡು ತಿಂಗಳಿಗೆ ‘ಗಂಡು ಮಗುವಿನ ಔಷಧಿ’ ಕೊಡುವವರಿದ್ದಾರೆ. ಪುಡಿ, ಗುಳಿಗೆ, ಹಾಲಿನಲ್ಲಿ ಕುಡಿಸುವ ಬೇರು, ಹೀಗೆ ಬಗೆಬಗೆ. ಮಗು ಹೆಣ್ಣೋ ಗಂಡೋ ಎಂಬುದು ವೀರ್ಯಾಣು ಅಂಡಾಣುವನ್ನು ಸೇರಿದ ಗಳಿಗೆಯಲ್ಲೇ ನಿಶ್ಚಯವಾಗಿರುತ್ತದೆ. ಆಮೇಲೆ ಕೊಟ್ಟ ಔಷಧಿ ಏನು ಮಾಡೀತು? ಏನೂ ಮಾಡದಿದ್ದರೆ ಹಣ ಮಾತ್ರ ಹೋಯಿತು. ಆದರೆ ಕೆಲವು ಏನಾದರೂ ಮಾಡುತ್ತವೆ, ಅದೇ ಭಯ.

ಇದನ್ನು ತಿಳಿಯಲು ಮತ್ತೆ ಕೊಟ್ಟಿಗೆಗೆ ಬನ್ನಿ. ಹೋರಿಯನ್ನು ಎಳೆಯದರಲ್ಲಿ ಬೀಜ ಒಡೆಸಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಕುತ್ತಿಗೆ ದಪ್ಪವಾಗುವುದಿಲ್ಲ, ಹಿಣಿಲು ಅಷ್ಟು ಏರುವುದಿಲ್ಲ, ಸಿಟ್ಟು ಇಳಿಯುತ್ತದೆ, ಕಾಲು ಮಾತ್ರ ಉದ್ದ ಬೆಳೆಯುತ್ತದೆ. ವರ್ಣತಂತು ಹೋರಿಯದೇ ಇದ್ದರೂ ದೇಹ ಬೇರೆಯಾಯಿತು. ಅಂದರೆ ಗಂಡುತನದ ಬಹುಪಾಲು ಲಕ್ಷಣ ವೃಷಣದಲ್ಲಿ ಉತ್ಪತ್ತಿಯಾಗಿ ರಕ್ತದಲ್ಲಿ ಹರಿಯುವ ಹಾರ್ಮೋನು ಎಂಬ ರಸದಿಂದ ಬರುತ್ತದೆ. ಗರ್ಭದೊಳಗೂ ಇದೇ ಕೆಲಸ ನಡೆಯುತ್ತದೆ. ಮೊದಲ ಆರು ವಾರ ಮನುಷ್ಯನ ಭ್ರೂಣ ಹೆಣ್ಣಾದರೂ ಗಂಡಾದರೂ ನೋಡಲು ಒಂದೇ. ಒಳಗೆ ಎರಡೂ ಬಗೆಯ ನಾಳಗಳು ಸಿದ್ಧವಿರುತ್ತವೆ. ಆಮೇಲೆ ವೈ ಎಳೆಯ ಮೇಲಿನ ಒಂದು ಗುಣಾಣು ಎಚ್ಚರಗೊಂಡು ವೃಷಣ ಮೂಡಿಸುತ್ತದೆ. ಇದನ್ನು 1990ರಲ್ಲಿ ಲಂಡನ್ನಿನ ವಿಜ್ಞಾನಿಗಳು ಗುರುತಿಸಿದರು. ಮರುವರ್ಷ ಎರಡು ಎಕ್ಸ್ ಇರುವ ಇಲಿಯ ಭ್ರೂಣಕ್ಕೆ ಇದೊಂದೇ ಗುಣಾಣುವನ್ನು ಸೇರಿಸಿದಾಗ ಅದು ಗಂಡಾಗಿ ಬೆಳೆಯಿತು. ಅದಕ್ಕೂ ಹಿಂದೆ, 1940ರ ದಶಕದಲ್ಲಿ, ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ ಗರ್ಭದಲ್ಲಿರುವ ಗಂಡು ಮೊಲದ ಮರಿಯ ವೃಷಣ ತೆಗೆದಾಗ ಅದರ ಉಳಿದ ಅಂಗಗಳು ಹೆಣ್ಣಿನಂತೆ ಬೆಳೆದಿದ್ದವು. ಟಗರಿಗೂ ಗಂಡಸಿಗೂ ಮೊಲೆತೊಟ್ಟು ಯಾಕಿದೆ ಎಂದು ಮಕ್ಕಳು ಕೇಳಿದರೆ ಇದೇ ಉತ್ತರ. ಗಂಡು ಹೆಣ್ಣು ಕವಲೊಡೆಯುವ ಮೊದಲಿನ ಗುರುತು ಅದು.

ಆಕಳು ಅವಳಿ ಹಾಕಿ, ಒಂದು ಹೋರಿಗರು, ಇನ್ನೊಂದು ಹೆಣ್ಣುಗರು ಆಗಿದ್ದರೆ ಆ ಹೆಣ್ಣುಗರು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬಂಜೆಯಾಗಿರುತ್ತದೆ. ಸಂತೆಯಲ್ಲಿ ಕೊಳ್ಳುವಾಗ ಇದನ್ನು ಕೇಳಿಯೇ ಕೊಳ್ಳಿರಿ. ಮೂರು ವರ್ಷ ಮೇವು ಹಾಕಿ ಕೈಸುಟ್ಟುಕೊಂಡವರಿದ್ದಾರೆ. ಗರ್ಭದಲ್ಲಿ ಎರಡರ ರಕ್ತನಾಳಗಳು ಕೂಡಿಕೊಂಡು ಗಂಡುಗರುವಿನ ರಸ ಹೆಣ್ಣುಗರುವಿನ ಮೈಗೆ ಹರಿದು ಅದರ ಅಂಡಾಶಯ ಕೆಡುತ್ತದೆ ಎಂಬುದನ್ನು ಷಿಕಾಗೋದ ಫ್ರಾಂಕ್ ಲಿಲ್ಲಿ 1916-17ರಲ್ಲಿ ವಿವರಿಸಿದರು. ಮನುಷ್ಯರ ಅವಳಿಗಳಲ್ಲಿ ರಕ್ತ ಹೀಗೆ ಬೆರೆಯುವುದಿಲ್ಲ. ಅಣ್ಣನ ಜೊತೆ ಹುಟ್ಟಿದ ಅವಳಿ ತಂಗಿಗೆ ಯಾವ ದೋಷವೂ ಇಲ್ಲ. ಅಂಥ ಹುಡುಗಿಗೆ ಮದುವೆ ತಪ್ಪಿಸುವವರು ಯಾರಾದರೂ ಇದ್ದರೆ ಅವರಿಗೆ ಇದನ್ನು ಓದಿ ಹೇಳಿರಿ.

ಈಗ ಎರಡನ್ನೂ ಕೂಡಿಸಿ ನೋಡಿ. ಗಂಡು ರಸ ಹರಿದರೂ ಆ ಹೆಣ್ಣುಗರು ಹೋರಿಯಾಗಲಿಲ್ಲ, ಕೆಟ್ಟ ಆಕಳಾಯಿತು ಅಷ್ಟೇ. ಉತ್ತರ ಭಾರತದಲ್ಲಿ ಗಂಡು ಮಗುವಿನ ಔಷಧಿಗಳನ್ನು ಪರೀಕ್ಷಿಸಿದಾಗ ಕೆಲವುಗಳಲ್ಲಿ ಹಾರ್ಮೋನಿನಂಥ ದ್ರವ್ಯಗಳೂ ಸೀಸ, ಪಾದರಸದಂಥ ವಿಷಲೋಹಗಳೂ ಕಂಡುಬಂದಿವೆ. ಹರಿಯಾಣದಲ್ಲಿ ಇವನ್ನು ಸೇವಿಸಿದ ತಾಯಂದಿರಲ್ಲಿ ಸತ್ತು ಹುಟ್ಟುವ ಮತ್ತು ಅಂಗದೋಷದಿಂದ ಹುಟ್ಟುವ ಶಿಶುಗಳು ಹೆಚ್ಚೆಂದು ಅಧ್ಯಯನಗಳು ಹೇಳಿವೆ. ಹೆಣ್ಣನ್ನು ಗಂಡು ಮಾಡಲು ಹೋಗಿ, ಹೊಟ್ಟೆಯಲ್ಲಿರುವ ಗಂಡನ್ನೂ ಕಳೆದುಕೊಳ್ಳುವ ದಾರಿ ಇದು. ನಿಮ್ಮ ಊರಿನಲ್ಲಿ ಯಾರಾದರೂ ಕೊಡುತ್ತಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಹೆಣ್ಣೆಂದೂ ಗಂಡೆಂದೂ ಸ್ಪಷ್ಟವಾಗದ ಅಂಗದೊಡನೆ ಅಪರೂಪಕ್ಕೆ ಮಗು ಹುಟ್ಟುವುದುಂಟು. ಗ್ರಹಣದಿಂದಲೋ ತಾಯಿಯ ಪಾಪದಿಂದಲೋ ಆದದ್ದಲ್ಲ ಅದು. ಮುಚ್ಚಿಡದೆ ಜಿಲ್ಲಾ ಆಸ್ಪತ್ರೆಗೆ ತೋರಿಸಿರಿ.

ಗಂಡಿಗೂ ಹೆಣ್ಣಿಗೂ ವ್ಯತ್ಯಾಸವೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ನಮ್ಮ ಕೆಂಗುರಿ ಟಗರಿಗೆ ಕೊಂಬುಂಟು, ಹೆಣ್ಣು ಕುರಿಗೆ ಸಾಮಾನ್ಯವಾಗಿ ಇಲ್ಲ. ತೂಕದಲ್ಲಿಯೂ ಟಗರು ಬಹಳ ಮುಂದು. ಮನುಷ್ಯರಲ್ಲಿ ಅಂತರ ಅಷ್ಟಿಲ್ಲದಿದ್ದರೂ ಉಂಟು. ಸರಾಸರಿ ಗಂಡಸಿನ ತೋಳಬಲ ಹೆಚ್ಚು, ರಕ್ತದಲ್ಲಿ ಹಿಮೋಗ್ಲೋಬಿನ್ ಹೆಚ್ಚು. ಹದಿನಾರು ಲೀಟರಿನ ಸಿಂಪರಣೆ ಪಂಪು ತುಂಬಿದರೆ ಇಪ್ಪತ್ತು ಕಿಲೋ ಆಗುತ್ತದೆ. ಅದರ ಪಟ್ಟಿ, ಹಿಡಿಕೆ ಎಲ್ಲವೂ ಗಂಡಸಿನ ಅಳತೆಗೆ. ಹೆಣ್ಣಾಳು ಹೊತ್ತು ನಿಧಾನ ನಡೆದರೆ ಸೋಮಾರಿತನವೆಂದು ಕೂಲಿ ಹಿಡಿಯುತ್ತೇವೆ. ಅಲ್ಲಿ ವ್ಯತ್ಯಾಸ ನೆನಪಿಗೆ ಬರುವುದಿಲ್ಲ!

ವ್ಯತ್ಯಾಸ ನಿಜವಾಗಿ ನೆನಪಿರಬೇಕಾದ ಜಾಗ ಇನ್ನೊಂದಿದೆ. ಮುಟ್ಟಿನಲ್ಲಿ ಪ್ರತಿ ತಿಂಗಳು ರಕ್ತ ಹೋಗುವುದರಿಂದ, ಬಸುರಿನಲ್ಲಿ ಮಗುವಿಗೆ ಕೊಡಬೇಕಾಗುವುದರಿಂದ ಹೆಣ್ಣಿಗೆ ಕಬ್ಬಿಣದ ಅಂಶ ಗಂಡಿಗಿಂತ ಹೆಚ್ಚು ಬೇಕು. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ 57 ಜನರಿಗೆ ರಕ್ತಹೀನತೆ, ಗಂಡಸರಲ್ಲಿ 25. ಗಬ್ಬದ ಕುರಿಗೆ ಕೊನೆಯ ಆರು ವಾರ ಹೆಚ್ಚಿನ ಕಾಳು ಹಾಕಬೇಕೆಂದು ನಾವು ಹೇಳುತ್ತೇವೆ, ಯಾಕೆಂದರೆ ಹೊಟ್ಟೆಯೊಳಗಿನ ಮರಿ ಹೆಚ್ಚಾಗಿ ಬೆಳೆಯುವುದು ಆಗಲೇ. ಕುರಿಗಾರರು ಹಾಕುತ್ತಾರೆ ಕೂಡ. ಹೋಲಿಕೆಗೆ ತಾಯಂದಿರು ಕ್ಷಮಿಸಬೇಕು. ಬಸುರಿ ಸೊಸೆ ಎಲ್ಲರದೂ ಆದ ಮೇಲೆ ಬುಟ್ಟಿಯಲ್ಲಿ ಉಳಿದ ರೊಟ್ಟಿ ಉಣ್ಣುವ ಮನೆಗಳನ್ನು ನಾನು ಎಷ್ಟೋ ಕಂಡಿದ್ದೇನೆ. ನಾವೇ ಬೆಳೆಯುವ ಸಜ್ಜೆಯಲ್ಲಿ ಅಕ್ಕಿಗಿಂತ ಹಲವು ಪಟ್ಟು ಕಬ್ಬಿಣವಿದೆ. ಅದನ್ನು ಸಂತೆಗೆ ಸಾಗಿಸಿ ಅಕ್ಕಿ ಉಣ್ಣುವುದು ದೊಡ್ಡಸ್ತಿಕೆಯಾಗಿದೆ. ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಜೊತೆಗೆ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಗುಳಿಗೆ. ಇಷ್ಟು ಮೊದಲು ಸೊಸೆಯ ತಾಟಿಗೆ ಬೀಳಲಿ.

‘ನಿಸರ್ಗದಲ್ಲಿ ಗಂಡು ಮಕ್ಕಳನ್ನು ನೋಡುವುದಿಲ್ಲ, ಅದು ಹೆಣ್ಣಿನ ಕೆಲಸ’ ಎಂದು ಟಗರಿನ ಉದಾಹರಣೆ ಕೊಡುವವರಿದ್ದಾರೆ. ಕುರಿಗಾರರೇ, ನಿಮ್ಮ ವೈರಿಯನ್ನೇ ಸಾಕ್ಷಿಗೆ ಕರೆಯುತ್ತೇನೆ. ಗಂಡು ತೋಳ ಬೇಟೆಯಾಡಿ ಬಂದು ಗವಿಯ ಮರಿಗಳಿಗೆ ಮಾಂಸ ಕಕ್ಕಿ ಕೊಡುತ್ತದೆ. ನಿಸರ್ಗದಲ್ಲಿ ಟಗರೂ ಉಂಟು, ತೋಳವೂ ಉಂಟು. ಯಾವುದನ್ನು ನೋಡಿ ಕಲಿಯಬೇಕೆಂಬುದು ನಮಗೆ ಬಿಟ್ಟದ್ದು.

ಅಂದು ಕಟ್ಟೆಯ ಮೇಲೆ ಇಷ್ಟೆಲ್ಲ ಹೇಳಲು ಆಗಲಿಲ್ಲ. “ಯಜಮಾನ್ರೇ, ಆಕಳಿಗೆ ಒಂದು ನ್ಯಾಯ, ಸೊಸಿಗೆ ಒಂದು ನ್ಯಾಯ ಏನ್ರಿ? ಈಗಷ್ಟೇ ನೀವೇ ಹೇಳಿದ್ರಿ, ಎಲ್ಲಾ ಹೋರಿ ಬೀಜದಾಗ ಐತಿ ಅಂತ” ಎಂದೆ. ಸುತ್ತ ಕುಳಿತವರು ನಕ್ಕರು. ನಗಬಾರದಿತ್ತು. ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದುಹೋದರು. ಸಭೆಯ ನಡುವೆ ಹಿರಿಯರನ್ನು ಹಾಗೆ ಸಿಕ್ಕಿಸಬಾರದಿತ್ತೆಂದು ನನಗೆ ಕೆಡುಕೆನಿಸಿತು. ಮರುವಾರ ಅವರ ಹೊಲಕ್ಕೇ ಹೋಗಿ, ಒಬ್ಬರೇ ಇದ್ದಾಗ, ಬೇವಿನ ನೆರಳಿನಲ್ಲಿ ಎಲ್ಲವನ್ನೂ ಸಾವಕಾಶವಾಗಿ ಹೇಳಿದೆ. ಮೊದಲ ಹೆಂಡತಿ ಇರುವಾಗ ಎರಡನೆಯ ಮದುವೆ 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ನಡೆಯುವುದಿಲ್ಲವೆಂದೂ ಹೇಳಿದೆ. ನಮ್ಮ ಅಕ್ಕನ ಮಾತನ್ನೂ ಹೇಳಿದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನೆಲದ ಮೇಲೆ ಕಡ್ಡಿಯಿಂದ ಗೀರುತ್ತ ಕುಳಿತಿದ್ದರು.

ಅವರ ಆಕಳಿಗೆ ಹೆಣ್ಣುಗರುವಿನ ನಳಿಕೆ ಕೊಡಿಸಿದ್ದರು. ಎರಡನೆಯ ಸಲಕ್ಕೆ ಗಬ್ಬ ನಿಂತಿತು. ಮೊನ್ನೆ ರೈತ ಸಂಪರ್ಕ ಕೇಂದ್ರಕ್ಕೆ ಬೀಜ ಕೇಳಲು ಬಂದಾಗ ಆಕಳು ಈದಿತೇ ಎಂದು ವಿಚಾರಿಸಿದೆ.

“ಈದೈತ್ರಿ. ಹೋರಿಗರು!”

ನೂರಕ್ಕೆ ಹತ್ತು ಹಾಗೂ ಆಗುತ್ತದೆಂದು ನಾನು ಮೊದಲೇ ಹೇಳಿದ್ದರೂ ನನಗೇ ನಾಚಿಕೆಯಾಯಿತು. “ಆಕಳ ಮ್ಯಾಗ ಸಿಟ್ಟ ಬಂತೇನ್ರಿ?” ಎಂದೆ.

“ಆಕಳದ್ದೇನ್ ತಪ್ಪೈತ್ರಿ ಸಾಹೇಬ್ರ” ಎಂದವರು ಅಷ್ಟಕ್ಕೇ ಸುಮ್ಮನಾದರು. ನಾನೂ ಸುಮ್ಮನಿದ್ದೆ. ಬೀಜದ ಚೀಲ ಹೆಗಲಿಗೆ ಏರಿಸಿಕೊಂಡು ಬಾಗಿಲ ತನಕ ಹೋಗಿ ತಿರುಗಿ ನಿಂತರು. “ಸೊಸಿ ಬಂದಾಳ್ರಿ. ಸಣ್ಣಾಕಿ ಅಂಬೆಗಾಲಿಡತಾಳ. ಆ ಕರಾನ ಬಾಲಾ ಹಿಡಿಯಾಕ ಹೋಗತಾಳ್ರಿ ದಿನಾ” ಎಂದು ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟರು.